ಗಾಡಿ ಸ್ಟಾರ್ಟ್ ಆಗದಿದ್ದಾಗ: ಗ್ಯಾರೇಜಿಗೆ ಹೇಳಿಕಳುಹಿಸುವ ಮುನ್ನ



ಈ ಪುಟದಲ್ಲಿ ಸಾಮಾನ್ಯವಾಗಿ ಬೋರ್ಡೋ ದ್ರಾವಣ, ಕೊಳೆರೋಗ, ಕಾಂಡಕೊರಕಗಳ ವಿಷಯ ಬರೆಯುವ ನಾವು ಈ ಸಲ ಗಾಡಿಯ ವಿಷಯಕ್ಕೆ ಕೈ ಹಾಕಿದ್ದೇವೆ. ನಾವು ಮೆಕ್ಯಾನಿಕ್ ಅಲ್ಲ. ಕಾಲೇಜಿನಲ್ಲಿ ಓದಿದ ಅಲ್ಪಸ್ವಲ್ಪ ಭೌತಶಾಸ್ತ್ರ, ಮೂವತ್ತು ವರ್ಷ ತೋಟದ ಜೀಪು ಓಡಿಸಿದ ಅನುಭವ, ಇವೆರಡೇ ನಮ್ಮ ಬಂಡವಾಳ. ಆದರೂ ಬರೆಯಬೇಕಾಗಿ ಬಂದ ಕಾರಣವನ್ನು ಮೊದಲು ಹೇಳಿಬಿಡುತ್ತೇವೆ.

2023ರ ಏಪ್ರಿಲ್ ತಿಂಗಳಲ್ಲಿ, ರೊಬಸ್ಟಾ ಕೊಯ್ಲು ಮುಗಿದು ಕೈ ಸ್ವಲ್ಪ ಬಿಡುವಾದ ಮೇಲೆ, ನಾವು ಏಳು ಮಂದಿ ಎರಡು ಗಾಡಿಗಳಲ್ಲಿ ಬೀದರ್ ಜಿಲ್ಲೆಯ ಕಡೆ ಹೊರಟೆವು. ಒಂದು ನಮ್ಮ ಹಳೆಯ ಡೀಸೆಲ್ ಜೀಪು. ಇನ್ನೊಂದು ಸದಸ್ಯರೊಬ್ಬರ ಕಾರ್ಬೊರೇಟರ್ ಕಾಲದ ಪೆಟ್ರೋಲ್ ಕಾರು. ಬಸವಕಲ್ಯಾಣ ನೋಡಬೇಕೆಂಬುದು ಹಿರಿಯರ ಬಹುದಿನದ ಆಸೆ. ಕೋಟೆ, ಶರಣರ ನೆಲ, 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ಹೊಸ ಅನುಭವ ಮಂಟಪದ ಜಾಗ, ಇವನ್ನೆಲ್ಲ ನೋಡಿ ಬರುವುದೆಂದು ಲೆಕ್ಕ. ಹೋಗುವ ದಾರಿಯಲ್ಲಿ ಹುಮನಾಬಾದಿನಲ್ಲಿ ತಂಗಿದೆವು. ಪುಣೆ–ಹೈದರಾಬಾದ್ ಹೆದ್ದಾರಿಯೂ ಕಲಬುರಗಿ–ಬೀದರ್ ರಸ್ತೆಯೂ ಕೂಡುವ ಊರದು. ರಾತ್ರಿಯಿಡೀ ಲಾರಿಗಳ ಸದ್ದು.

ಬೆಳಗ್ಗೆ ವೀರಭದ್ರೇಶ್ವರ ದೇವಸ್ಥಾನಕ್ಕೆ ಹೋಗಿ ಬಂದು ಜೀಪಿನ ಕೀಲಿ ತಿರುಗಿಸಿದರೆ 'ಟಿಕ್' ಎಂಬ ಒಂದೇ ಸದ್ದು. ಮತ್ತೆ ತಿರುಗಿಸಿದರೂ 'ಟಿಕ್'. ಹೆಡ್‌ಲೈಟ್ ಹಾಕಿ ನೋಡಿದೆವು, ಝಗಮಗ ಉರಿಯಿತು. ಪಕ್ಕದ ಅಂಗಡಿಯ ಮೆಕ್ಯಾನಿಕ್ ಬಂದು, "ಲೈಟ್ ಇಷ್ಟು ಚಲೋ ಉರೀಲಾಕತ್ತದ ಅಂದ್ರ ಬ್ಯಾಟರಿ ಚಲೋ ಅದ. ಸ್ಟಾರ್ಟರ್ ಹೋಗ್ಯದ" ಎಂದರು. ನಮಗೂ ಆ ಮಾತು ಸರಿ ಎನಿಸಿತು. ಸ್ಟಾರ್ಟರ್ ಬದಲಾಯಿಸಿದರು, ಗಾಡಿ ಹೊರಟಿತು, ನಾವು ಹಣ ಕೊಟ್ಟೆವು.

ಮರುದಿನ ಜೀಪಿನಲ್ಲಿ ನಾವು ನಾಲ್ವರು ಬಸವಕಲ್ಯಾಣಕ್ಕೆ ಹೋದೆವು. ಕಾರಿನವರು ಅಂದು ಹುಮನಾಬಾದಿನ ಮಗ್ಗುಲಲ್ಲೇ ಇರುವ ಮಾಣಿಕನಗರದಲ್ಲಿ ಉಳಿದಿದ್ದರು. ಮಧ್ಯಾಹ್ನದ ಬಿಸಿಲು ನಮ್ಮ ಕಡೆಯವರು ಕಂಡು ಕೇಳರಿಯದಂಥದ್ದು. ನಮ್ಮಲ್ಲಿ ಒಬ್ಬ ಹಿರಿಯರು ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು. ಬೆಳಗ್ಗೆ ಮಾತ್ರೆ ನುಂಗಿದ್ದರು, ತಿಂಡಿ ಸರಿಯಾಗಿ ತಿಂದಿರಲಿಲ್ಲ. ಕೋಟೆ ನೋಡಿ ಕೆಳಗಿಳಿಯುವಷ್ಟರಲ್ಲಿ ಮೈಯೆಲ್ಲ ಬೆವರಿ, ಮಾತು ತೊದಲಿ, ಕುಸಿದು ಕುಳಿತರು. ಎತ್ತಿ ಜೀಪಿನಲ್ಲಿ ಕೂರಿಸಿ ಕೀಲಿ ತಿರುಗಿಸಿದೆವು. 'ಟಿಕ್'.

ಆ ಸದ್ದು ಈಗಲೂ ನಮ್ಮ ಕಿವಿಯಲ್ಲಿದೆ. ನಿನ್ನೆಯಷ್ಟೇ ಹಾಕಿಸಿದ ಸ್ಟಾರ್ಟರ್. ಬಾಯಿಗೆ ಸಕ್ಕರೆ ಹಾಕಬೇಕೆಂಬುದು ಜೊತೆಯಲ್ಲಿದ್ದವರೊಬ್ಬರಿಗೆ ಹೊಳೆದದ್ದು, ಅದೇ ಹೊತ್ತಿಗೆ ಆಟೋ ಒಂದು ಸಿಕ್ಕಿದ್ದು ನಮ್ಮ ಪುಣ್ಯ. ಆಸ್ಪತ್ರೆಗೆ ಸೇರಿಸಿದ ಮೇಲೆ ಚೇತರಿಸಿಕೊಂಡರು. ಈಗ ಆರೋಗ್ಯವಾಗಿದ್ದಾರೆ, ಈ ಲೇಖನ ಬರೆಯಲೇಬೇಕೆಂದು ಪಟ್ಟು ಹಿಡಿದವರೂ ಅವರೇ.

ನಾವು ಜೀಪಿನ ಬಳಿಗೆ ಹಿಂತಿರುಗಿದಾಗ ವಯಸ್ಸಾದ ಲಾರಿ ಚಾಲಕರೊಬ್ಬರು ನಿಂತು ನೋಡುತ್ತಿದ್ದರು. ನಮ್ಮಿಂದ ನಾಲ್ಕೈದು ಸಲ ಕೀಲಿ ತಿರುಗಿಸಿಸಿ, ಬಾನೆಟ್ಟಿನೊಳಗೆ ಕೈಯಾಡಿಸಿ, "ಮುಟ್ಟಿ ನೋಡ್ರಿ ಸಾವ್ಕಾರ್ರ, ಇಲ್ಲಿ ಸುಡ್ಲಾಕತ್ತದ. ಕರೆಂಟೆಲ್ಲ ಇಲ್ಲೇ ತಿಂದ್ ಹೋಗ್ಲಾಕತ್ತದ" ಎಂದರು. ಅವರು ತೋರಿಸಿದ್ದು ಎಂಜಿನ್ನಿನಿಂದ ಚಾಸಿಗೆ ಬಿಗಿದಿದ್ದ, ಹೆಣೆದ ತಾಮ್ರದ ಒಂದು ಪಟ್ಟಿ. ಅರ್ಥ್ ಪಟ್ಟಿ ಎನ್ನುತ್ತಾರೆ. ಅದರ ಬೋಲ್ಟಿನ ಅಡಿಯಲ್ಲಿ ಹಸಿರು ಕಿಲುಬು, ತುಕ್ಕು. ಲಾರಿಯಿಂದ ಒಂದು ದಪ್ಪ ವೈರ್ ತಂದು, ಒಂದು ತುದಿಯನ್ನು ನಮ್ಮ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬೋಲ್ಟಿಗೂ ಹಿಡಿಸಿ, "ಹಚ್ಚರಿ" ಎಂದರು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆ ಪಟ್ಟಿಯ ಬೆಲೆ ನಾವು ನಾಲ್ವರ ಒಂದು ಹೊತ್ತಿನ ಊಟಕ್ಕಿಂತ ಕಡಿಮೆ. ಹಿಂದಿನ ದಿನ ಸ್ಟಾರ್ಟರ್ ಬಿಚ್ಚಿ ಜೋಡಿಸುವಾಗ ಪಟ್ಟಿ ಅಲುಗಾಡಿ ತಾತ್ಕಾಲಿಕವಾಗಿ ಸಂಪರ್ಕ ಸಿಕ್ಕಿತ್ತು, ಅಷ್ಟೇ.

ಹಾಗಾದರೆ ಲೈಟ್ ಹೇಗೆ ಉರಿಯಿತು? ಮನೆಗೆ ಬಂದ ಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆವು. 60 ವಾಟಿನ ಒಂದು ಹೆಡ್‌ಲೈಟ್ ಬಲ್ಬು 12 ವೋಲ್ಟಿನಲ್ಲಿ ಎಳೆಯುವುದು 5 ಆಂಪಿಯರ್. ಸ್ಟಾರ್ಟರ್ ಮೋಟಾರು ಎಳೆಯುವುದು ನೂರಾರು ಆಂಪಿಯರ್. ಒಂದು ಕೊಳೆತ ಜೋಡಣೆಯಲ್ಲಿ ಒಂದು ಓಮಿನ ನೂರನೇ ಒಂದು ಪಾಲಿನಷ್ಟೇ ತಡೆ ಇದೆಯೆನ್ನಿ. 5 ಆಂಪಿಯರ್ ಹರಿಯುವಾಗ ಅಲ್ಲಿ ಕಳೆದುಹೋಗುವುದು 0.05 ವೋಲ್ಟ್, ಕಣ್ಣಿಗೆ ಕಾಣುವುದೇ ಇಲ್ಲ. 200 ಆಂಪಿಯರ್ ಹರಿಯುವಾಗ 2 ವೋಲ್ಟ್ ಅಲ್ಲೇ ಶಾಖವಾಗಿ ಹೋಗುತ್ತದೆ. ತಡೆ ಇನ್ನೂ ಹೆಚ್ಚಾದರೆ ಮೋಟಾರಿಗೆ ಉಳಿಯುವುದು 'ಟಿಕ್' ಎನ್ನುವಷ್ಟು ಶಕ್ತಿ ಮಾತ್ರ. ಇಷ್ಟೇ ಅಲ್ಲದೆ, ಎಂಜಿನ್ ರಬ್ಬರಿನ ಮೇಲೆ ಕುಳಿತಿರುತ್ತದೆ, ಲೈಟಿನ ಅರ್ಥ್ ಬಾಡಿಗೆ ಹೋಗುತ್ತದೆ. ಅಂದರೆ ಲೈಟಿನ ದಾರಿಯಲ್ಲಿ ಆ ಪಟ್ಟಿಯೇ ಇಲ್ಲ. ಲೈಟ್ ಚೆನ್ನಾಗಿ ಉರಿದದ್ದು ಬ್ಯಾಟರಿಯಲ್ಲಿ ಕರೆಂಟ್ ಇದೆ ಎಂಬುದಕ್ಕೆ ಸಾಕ್ಷಿ, ಅದು ಸ್ಟಾರ್ಟರಿಗೆ ತಲುಪುತ್ತಿದೆ ಎಂಬುದಕ್ಕಲ್ಲ.

ಇನ್ನೊಂದು ಮಾತನ್ನು ಸ್ವಲ್ಪ ಸಂಕೋಚದಿಂದಲೇ ಹೇಳಬೇಕು. ಈ ದೋಷ ಹುಮನಾಬಾದಿನಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಆರು ತಿಂಗಳ ಹಿಂದಿನಿಂದಲೇ ನಮ್ಮ ಜೀಪು ಕೆಲವು ದಿನ ಬೆಳಗ್ಗೆ ಮೊಂಡು ಹಿಡಿಯುತ್ತಿತ್ತು. ನಮ್ಮ ಅಂಗಳವೋ ಇಳಿಜಾರು. ಎರಡನೇ ಗೇರಿನಲ್ಲಿಟ್ಟು ಜಾರಿಸಿಬಿಟ್ಟರೆ ಗೇಟು ತಲುಪುವಷ್ಟರಲ್ಲಿ ಎಂಜಿನ್ ಹತ್ತಿಕೊಳ್ಳುತ್ತಿತ್ತು. ಮಲೆನಾಡಿನ ನಮ್ಮಲ್ಲಿ ಅನೇಕರು ಗಾಡಿಯನ್ನು ದಿಣ್ಣೆಯ ಮೇಲೆಯೇ ನಿಲ್ಲಿಸುವ ಅಭ್ಯಾಸ ಇಟ್ಟುಕೊಂಡಿದ್ದೇವೆ, ಅದನ್ನೊಂದು ಜಾಣತನ ಎಂದೂ ತಿಳಿದಿದ್ದೇವೆ. ಅಂಗೈಯಂತೆ ಮಟ್ಟಸವಾದ ಆ ಬಯಲು ಸೀಮೆಯಲ್ಲಿ ನಿಂತಾಗಲೇ ನಮಗೆ ತಿಳಿದದ್ದು, ಆರು ತಿಂಗಳು ರೋಗವನ್ನು ಇಳಿಜಾರು ಮುಚ್ಚಿಟ್ಟಿತ್ತೆಂದು.

ಮೊದಲು ಕಿವಿ, ಆಮೇಲೆ ಪಾನಾ

ಪರೀಕ್ಷೆಗೆ ಮುನ್ನ ಕೆಲವು ಎಚ್ಚರಿಕೆ. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಬ್ಯಾಟರಿಯಿಂದ ಜಲಜನಕ ಅನಿಲ ಹೊರಬರುತ್ತದಾದ್ದರಿಂದ ಬೀಡಿ, ಬೆಂಕಿಕಡ್ಡಿ ದೂರವಿರಲಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ಆಳನ್ನು ಕೊಲ್ಲುತ್ತದೆ. ಕೀಲಿಯನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ನಡುವೆ ಒಂದೆರಡು ನಿಮಿಷ ಮೋಟಾರು ತಣಿಯಲಿ.

ಈಗ ಹೆಡ್‌ಲೈಟ್ ಹಾಕಿ, ಎದುರಿಗೆ ಒಬ್ಬರನ್ನು ನಿಲ್ಲಿಸಿ, ಕೀಲಿ ತಿರುಗಿಸಿ. ನಿಮ್ಮ ಕಿವಿ ಎಂಜಿನ್ನಿನ ಕಡೆ, ಅವರ ಕಣ್ಣು ಲೈಟಿನ ಕಡೆ.

ಲೈಟ್ ಪೂರ್ತಿ ಆರಿಹೋಗುವಷ್ಟು ಮಂಕಾಗಿ 'ಟಿಕ್ ಟಿಕ್ ಟಿಕ್' ಎಂದರೆ ಬ್ಯಾಟರಿ ಬರಿದಾಗಿದೆ, ಇಲ್ಲವೇ ಬ್ಯಾಟರಿ ಕಂಬದ ಮೇಲಿನ ಟರ್ಮಿನಲ್ಲೇ ಸಡಿಲವಾಗಿದೆ ಅಥವಾ ಕಿಲುಬು ಹಿಡಿದಿದೆ. ಲೈಟ್ ಮಂಕಾಗದೆ ಒಂದೇ 'ಟಿಕ್' ಬಂದರೆ, ಅಥವಾ ಏನೂ ಸದ್ದೇ ಬಾರದಿದ್ದರೆ, ಕರೆಂಟ್ ಸ್ಟಾರ್ಟರಿಗೆ ತಲುಪುತ್ತಿಲ್ಲ. ಅರ್ಥ್ ಪಟ್ಟಿ, ಸಾಲಿನಾಯ್ಡ್, ಅದಕ್ಕೆ ಹೋಗುವ ಸಣ್ಣ ವೈರ್, ಕೀಲಿಯ ಸ್ವಿಚ್ಚು, ಇವುಗಳಲ್ಲಿ ಒಂದು ಕೆಟ್ಟಿದೆ. ಸ್ಟಾರ್ಟರ್ ಬ್ರಷ್ ಸವೆದರೂ ಹೀಗಾಗಬಹುದು. ಲೈಟ್ ಮಂಕಾಗಿ ಮೋಟಾರು ನರಳುತ್ತಾ ತಿರುಗಿದರೆ ಬ್ಯಾಟರಿ ಅರೆಜೀವ. ಇನ್ನು ಎಂಜಿನ್ ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿ, ಸ್ಟಾರ್ಟರ್ ಎರಡನ್ನೂ ಬಿಟ್ಟುಬಿಡಿ. ತೊಂದರೆ ಕಿಡಿಯಲ್ಲಿದೆ ಅಥವಾ ಇಂಧನದಲ್ಲಿದೆ. ಇದೊಂದು ವಿಂಗಡಣೆ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಮೆಕ್ಯಾನಿಕ್‌ಗೆ ಫೋನಿನಲ್ಲಿ "ಗಾಡಿ ಸ್ಟಾರ್ಟ್ ಆಗ್ತಿಲ್ಲ" ಎನ್ನುವುದಕ್ಕೂ "ಎಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹತ್ತಿಕೊಳ್ಳುತ್ತಿಲ್ಲ" ಎನ್ನುವುದಕ್ಕೂ ಬಹಳ ವ್ಯತ್ಯಾಸ. ಅವರು ತರುವ ಸಾಮಾನೂ ಬೇರೆಯಾಗುತ್ತದೆ.

ಮನೆಯಲ್ಲಿ ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಒಳ್ಳೆಯದು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಯಲ್ಲಿ 12.6 ವೋಲ್ಟಿನ ಆಸುಪಾಸು ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಬರಿದು. ಕೀಲಿ ತಿರುಗಿಸುತ್ತಿರುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುತ್ತಿರುವಾಗ ಹಳೆಯ ಗಾಡಿಗಳಲ್ಲಿ 13.8ರಿಂದ 14.5ರವರೆಗೆ ಇರಬೇಕು, 12.5ರಲ್ಲೇ ನಿಂತಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ, ಹೊಸ ಬ್ಯಾಟರಿ ತಂದರೂ ವಾರದಲ್ಲಿ ಮತ್ತೆ ಅದೇ ಕಥೆ. ನಮ್ಮನ್ನು ಬಸವಕಲ್ಯಾಣದಲ್ಲಿ ಉಳಿಸಬಹುದಾಗಿದ್ದ ಪರೀಕ್ಷೆ ಇದು: ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೂ ಒತ್ತಿ ಹಿಡಿದು ಕೀಲಿ ತಿರುಗಿಸಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ದಾರಿ ಕೆಟ್ಟಿದೆ. ಮೀಟರ್ ಇಲ್ಲದಿದ್ದರೆ ಲಾರಿ ಚಾಲಕರ ದಪ್ಪ ವೈರಿನ ವಿದ್ಯೆಯೇ ಸಾಕು. ಮೀಟರೂ ವೈರೂ ಎರಡೂ ಇಲ್ಲದಿದ್ದರೆ ನಾಲ್ಕು ಸಲ ಕೀಲಿ ತಿರುಗಿಸಿದ ಮೇಲೆ, ಕೀಲಿ ತೆಗೆದು, ಜೋಡಣೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಬಿಸಿಯಾಗಿರುವುದೇ ಅಪರಾಧಿ. ಕೆಲವೊಮ್ಮೆ ಆಕ್ಸಿಲರೇಟರ್ ಕೇಬಲ್ಲು ಬಿಸಿಯಾಗುವುದುಂಟು. ಪಟ್ಟಿ ತುಂಡಾದಾಗ ಕರೆಂಟ್ ಆ ದಾರಿ ಹಿಡಿಯುತ್ತದೆ.

ಟರ್ಮಿನಲ್ ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ಮರಳು ಕಾಗದದಿಂದ ಉಜ್ಜಿ, ಬಿಗಿಮಾಡಿದ ಮೇಲೆ ವ್ಯಾಸಲೀನ್ ಸವರಿ. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬಾವಿ ನೀರು ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿನ ಲವಣ ಪ್ಲೇಟುಗಳನ್ನು ಹಾಳುಮಾಡುತ್ತದೆ. ಬಯಲು ಸೀಮೆಯ ಬೇಸಿಗೆಯಲ್ಲಿ ನೀರು ಬೇಗ ಇಂಗುತ್ತದೆ. ನಮ್ಮ ಕಡೆ ಬ್ಯಾಟರಿ ಸಾಯುವ ಬಗೆ ಬೇರೆ: ಮನೆಯಿಂದ ಕಣಕ್ಕೆ, ಕಣದಿಂದ ಲೈನಿಗೆ ಎಂದು ಅರ್ಧ ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಸ್ಟಾರ್ಟ್ ಮಾಡುತ್ತೇವೆ. ತೆಗೆದ ಚಾರ್ಜ್ ಮರಳಿ ತುಂಬುವಷ್ಟು ಗಾಡಿ ಓಡುವುದೇ ಇಲ್ಲ. ವಾರಕ್ಕೊಮ್ಮೆಯಾದರೂ ಪೇಟೆಯವರೆಗೆ ಓಡಿಸಬೇಕು.

ಬೇರೆ ಗಾಡಿಯಿಂದ ಕರೆಂಟ್ ಪಡೆಯುವಾಗ ಕ್ರಮ ಹೀಗೆ: ಕೆಂಪು ವೈರ್ ಮೊದಲು ಸತ್ತ ಬ್ಯಾಟರಿಯ ಪಾಸಿಟಿವ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ; ಕಪ್ಪು ವೈರ್ ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ, ಕೊನೆಯ ತುದಿ ಸತ್ತ ಗಾಡಿಯ ಎಂಜಿನ್ನಿನ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಕಿಡಿ ಹಾರಿದರೂ ಅನಿಲದ ಬಳಿ ಹಾರಬಾರದೆಂಬುದೇ ಉದ್ದೇಶ. ಒಂದು ಮಾತು ಚೆನ್ನಾಗಿ ನೆನಪಿರಲಿ: ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ. ಹೆದ್ದಾರಿಯಲ್ಲಿ ಯಾರಾದರೂ ಉಪಕಾರಕ್ಕೆಂದು ಲಾರಿಯಿಂದ ಕೊಡಲು ಬಂದರೆ ಕೈಮುಗಿದು ಬೇಡವೆನ್ನಿ. ಅಂದು ನಾವು ಬಳಸಿದ್ದು ಲಾರಿಯ ವೈರನ್ನು ಮಾತ್ರ, ಅದರ ಕರೆಂಟನ್ನಲ್ಲ.

ತಿರುಗಿಯೂ ಹತ್ತಿಕೊಳ್ಳದಿದ್ದರೆ

ಇದಕ್ಕೂ ಆ ಪ್ರವಾಸವೇ ಉದಾಹರಣೆ ಒದಗಿಸಿತು. ವಾಪಸು ಹೊರಟ ದಿನ ಮಧ್ಯಾಹ್ನ ಹುಮನಾಬಾದಿನಲ್ಲಿ ಊಟಕ್ಕೆ ನಿಲ್ಲಿಸಿದ್ದ ಪೆಟ್ರೋಲ್ ಕಾರು, ಅರ್ಧ ಗಂಟೆಯ ನಂತರ ಸೊಗಸಾಗಿ ತಿರುಗಿಯೂ ಹತ್ತಿಕೊಳ್ಳಲಿಲ್ಲ. ಎಂಜಿನ್ನಿಗೆ ಅಂಟಿಕೊಂಡಿರುವ ಹಳೆಯ ಮಾದರಿಯ ಪೆಟ್ರೋಲ್ ಪಂಪು ಬಿಸಿಯಾಗಿ, ಕೊಳವೆಯೊಳಗಿನ ಪೆಟ್ರೋಲು ಆವಿಯಾಗಿ ದಾರಿ ಕಟ್ಟಿತ್ತು. ಬಾನೆಟ್ ಎತ್ತಿ, ಪಂಪಿಗೂ ಕೊಳವೆಗೂ ಒದ್ದೆ ಬಟ್ಟೆ ಸುತ್ತಿ, ಮರದ ನೆರಳಲ್ಲಿ ಇಪ್ಪತ್ತು ನಿಮಿಷ ಕುಳಿತೆವು. ಹತ್ತಿಕೊಂಡಿತು. ಅವಸರಪಟ್ಟು ಆಕ್ಸಿಲರೇಟರ್ ತುಳಿಯುತ್ತ ಹೋಗಿದ್ದರೆ, ಕೊಳವೆ ತಣಿದ ಮೇಲೆ ಪೆಟ್ರೋಲು ಹೆಚ್ಚಾಗಿ ಪ್ಲಗ್ ತೊಯ್ಯುತ್ತಿತ್ತು. ಪೆಟ್ರೋಲಿನ ಕಟು ವಾಸನೆ ಬರುತ್ತಿದ್ದರೆ ಅದೇ ತೊಂದರೆ. ಆಗ ಪೆಡಲನ್ನು ಪೂರ್ತಿ ಒತ್ತಿ ಹಿಡಿದು, ಮೇಲೆ ಕೆಳಗೆ ಆಡಿಸದೆ, ಸ್ಟಾರ್ಟ್ ಮಾಡಬೇಕು. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗಿದ್ದು ಒತ್ತಡದಲ್ಲಿ ದೂಡುವುದರಿಂದ ಈ ಆವಿಯ ಕಾಟ ಅಪರೂಪ.

ನಮ್ಮ ಮಲೆನಾಡಿನಲ್ಲಿ ಶತ್ರು ಬಿಸಿಲಲ್ಲ, ಮಳೆ. ಆಷಾಢದ ಬೆಳಗ್ಗೆ ಹಳೆಯ ಪೆಟ್ರೋಲ್ ಗಾಡಿ ಹತ್ತಿಕೊಳ್ಳದಿದ್ದರೆ ಮೊದಲು ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಒಳಗನ್ನು ಒಣಬಟ್ಟೆಯಿಂದ ಒರೆಸಿ. ಸಂಜೆಗತ್ತಲಲ್ಲಿ ಬಾನೆಟ್ ಎತ್ತಿ, ಮುಟ್ಟದೆ, ಕೀಲಿ ತಿರುಗಿಸಿಸಿ ನೋಡಿದರೆ ಬಿರುಕು ಬಿಟ್ಟ ಪ್ಲಗ್ ವೈರಿನಿಂದ ಕಿಡಿ ಸೋರುವುದು ಮಿಂಚುಹುಳದ ಹಾಗೆ ಕಾಣುತ್ತದೆ. ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ಕಿಡಿ ನೋಡುವುದು ಹಳೆಯ ಗಾಡಿಗೆ ಮಾತ್ರ, ಅದೂ ಪೆಟ್ರೋಲಿನ ವಾಸನೆ ಇಲ್ಲದಿರುವಾಗ, ಹಿಡಿ ಇರುವ ಇಕ್ಕಳದಿಂದ. ಅಲ್ಲಿರುವುದು ಸಾವಿರಾರು ವೋಲ್ಟ್. ಪ್ಲಗ್ಗಿಗೊಂದು ಕಾಯಿಲ್ ಇರುವ ಈಗಿನ ಗಾಡಿಯಲ್ಲಿ ಈ ಸಾಹಸ ಬೇಡ, ಎಲೆಕ್ಟ್ರಾನಿಕ್ ಪೆಟ್ಟಿಗೆ ಕೆಟ್ಟರೆ ದೊಡ್ಡ ಖರ್ಚು. ಇಲಿಯನ್ನೂ ಮರೆಯಬೇಡಿ. ಅಡಿಕೆ ಸಿಪ್ಪೆ, ಗೋಣಿಚೀಲ ತುಂಬಿದ ಶೆಡ್ಡಿನಲ್ಲಿ ಹದಿನೈದು ದಿನ ನಿಂತ ಗಾಡಿಯ ವೈರಿಂಗಿನ ಮೇಲೆ ಒಮ್ಮೆ ಟಾರ್ಚ್ ಹಾಯಿಸಿ.

ಡೀಸೆಲ್ಲಿಗೆ ಕಿಡಿ ಬೇಡ; ಅದಕ್ಕೆ ಬೇಕಾದ್ದು ಗಾಳಿ-ನೀರಿಲ್ಲದ ಡೀಸೆಲ್. ಬ್ಯಾರೆಲ್ಲಿನಲ್ಲಿ ಡೀಸೆಲ್ ಶೇಖರಿಸಿಡುವ ನಮ್ಮ ಸದಸ್ಯರು ಫಿಲ್ಟರಿನ ಕೆಳಗಿನ ನೀರಿನ ತಿರುಪನ್ನು ತಿಂಗಳಿಗೊಮ್ಮೆ ಸಡಿಲಿಸಿ ಲೋಟಕ್ಕೆ ಬಸಿದು ನೋಡಬೇಕು. ನೀರು ಅಡಿಯಲ್ಲಿ ನಿಲ್ಲುತ್ತದೆ. ಟ್ಯಾಂಕ್ ಬರಿದಾಗಿ ಗಾಳಿ ಹೊಕ್ಕಿದ್ದರೆ ಹಳೆಯ ಜೀಪಿನಲ್ಲಿ ಕೈಪಂಪು ಒತ್ತುತ್ತ, ಗಾಳಿಯ ತಿರುಪಿನಿಂದ ಗುಳ್ಳೆ ನಿಲ್ಲುವವರೆಗೆ ಹೊರಡಿಸಬಹುದು. ಆದರೆ ಕಾಮನ್ ರೈಲ್ ಎನ್ನುವ ಈಗಿನ ಡೀಸೆಲ್ ಎಂಜಿನ್ನುಗಳಲ್ಲಿ ಇಂಜೆಕ್ಟರ್ ಕೊಳವೆಯೊಳಗೆ ಸಾವಿರ ಬಾರ್ ಮೀರಿದ ಒತ್ತಡ ಇರುತ್ತದೆ. ಅಲ್ಲಿ ನಟ್ ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಹೋಗುತ್ತದೆ. ಕೈ ಇಡಬಾರದು.

ಹೊಸ ಗಾಡಿಗಳ ವಿಷಯ ಚುಟುಕಾಗಿ. ಕೀಲಿ ತಿರುಗಿಸಿದ ಕೂಡಲೇ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಹಿಂಬದಿಯ ಟ್ಯಾಂಕಿನಿಂದ ಎರಡು ಸೆಕೆಂಡು 'ಗುಂಯ್' ಸದ್ದು ಬರಬೇಕು. ಬಾರದಿದ್ದರೆ ಪಂಪಿನ ಫ್ಯೂಸು ನೋಡಿ. ಬೀಗದ ಗುರುತಿನ ದೀಪ ಮಿಟುಕುತ್ತಲೇ ಇದ್ದರೆ ಗಾಡಿ ಕೀಲಿಯನ್ನು ಗುರುತಿಸುತ್ತಿಲ್ಲ. ಇನ್ನೊಂದು ಕೀಲಿ ಇದ್ದರೆ ಅದರಿಂದ ನೋಡಿ, ಗುಂಡಿ ಒತ್ತುವ ಗಾಡಿಯಾದರೆ ಕೀಲಿಯೊಳಗಿನ ಪುಟ್ಟ ಬ್ಯಾಟರಿ ಬದಲಾಯಿಸಿ. ಕ್ಲಚ್ ಪೂರ್ತಿ ಒತ್ತದೆ ಸ್ಟಾರ್ಟ್ ಆಗದ ಗಾಡಿಗಳೂ ಇವೆ. ಕಾಲಡಿಯ ಮ್ಯಾಟು ಮಡಚಿ ಕ್ಲಚ್ಚಿಗೆ ಅಡ್ಡ ಬಂದು ನಮ್ಮ ಸದಸ್ಯರೊಬ್ಬರು ಒಂದು ಇಡೀ ಬೆಳಗು ಕಳೆದದ್ದುಂಟು. ಇಷ್ಟಕ್ಕೂ ಬಗ್ಗದಿದ್ದರೆ ಸ್ಕ್ಯಾನರ್ ಇರುವವರನ್ನೇ ಕರೆಯಿರಿ. ತಳ್ಳಿ ಸ್ಟಾರ್ಟ್ ಮಾಡುವುದು ಇವಕ್ಕೆ ಒಳ್ಳೆಯದಲ್ಲ, ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿರುವ ಕೆಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತದೆ.

1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಕೆಟರಿಂಗ್ ಎಂಬವರು ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ ಬರುವವರೆಗೆ ಜನ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ನಮ್ಮ ತಂದೆಯವರ ಕಾಲದ ಜೀಪಿಗೂ ಹ್ಯಾಂಡಲ್ ಇತ್ತು. ಹೆಬ್ಬೆರಳನ್ನು ಹಿಡಿಯ ಸುತ್ತ ಮಡಚದೆ ಉಳಿದ ಬೆರಳುಗಳ ಜೊತೆಗೇ ಇಡಬೇಕೆಂದು ಅವರು ಗದರಿಸುತ್ತಿದ್ದರು. ಎಂಜಿನ್ ತಿರುಗಿ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಆ ಹ್ಯಾಂಡಲ್ ಈಗ ನಮ್ಮ ಕೊಟ್ಟಿಗೆಯಲ್ಲಿ ಗೂಟವಾಗಿದೆ.

ಸಂಘದ ಕಚೇರಿಯಲ್ಲಿ ಒಂದು ಮಲ್ಟಿಮೀಟರ್, ಒಂದು ಜೊತೆ ದಪ್ಪ ಜಂಪ್ ವೈರ್ ಮತ್ತು ಒಂದು ಹೈಡ್ರೋಮೀಟರ್ ತಂದಿರಿಸಲಾಗಿದೆ. ಪುಸ್ತಕದಲ್ಲಿ ರುಜು ಮಾಡಿ ಒಯ್ಯಬಹುದು, ಮೂರು ದಿನದೊಳಗೆ ಹಿಂದಿರುಗಿಸಬೇಕು. ಇಬ್ಬರು ಒಂದೇ ದಿನ ಕೇಳಿದರೆ ಆಸ್ಪತ್ರೆಯಿಂದ ಹೆಚ್ಚು ದೂರದ ತೋಟದವರಿಗೆ ಮೊದಲು ಕೊಡಲಾಗುವುದು. ಮಳೆಗಾಲಕ್ಕೆ ಮುನ್ನ, ಬಿಡುವಿರುವ ಒಂದು ಭಾನುವಾರ, ಗಾಡಿಯನ್ನು ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿ ರಾತ್ರಿ ಕಳೆದು ಬೆಳಗ್ಗೆ ಸ್ಟಾರ್ಟ್ ಮಾಡಿ ನೋಡಿ. ನಮ್ಮ ಜೀಪನ್ನು ನಾವೀಗ ಅಂಗಳದ ಮೇಲ್ಭಾಗದಿಂದ ಕೆಳಗಿಳಿಸಿ ಕಣದ ಸಮತಟ್ಟಿನಲ್ಲೇ ನಿಲ್ಲಿಸುತ್ತಿದ್ದೇವೆ.